ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಿಸಿದ ಪಿಟೀಲು: ಏಳು ತಂತಿಯ ಸರದಾರ ಮೈಸೂರು ಚೌಡಯ್ಯ

ಈಗ ಮನೆಯಲ್ಲೇ ಮರ ಕೊರೆದು ಉಕುಲೇಲೆ ಮಾಡಿಕೊಳ್ಳುವವರಿದ್ದಾರೆ. ತಂತಿಯ ಆಸರೆಯ ಕೆಳಗೆ ತೆಳುವಾದ ಒಂದು ಪಿಕಪ್ ಕೂರಿಸಿದರೆ ಮುಗಿಯಿತು, ತಂತಿಯ ಕಂಪನ ವಿದ್ಯುತ್ ಸಂಕೇತವಾಗಿ ಸ್ಪೀಕರ್ ತಲುಪುತ್ತದೆ. ಆದರೆ ನೂರು ವರ್ಷದ ಹಿಂದೆ ಸಣ್ಣ ದನಿಯ ತಂತಿವಾದ್ಯವನ್ನು ದೊಡ್ಡ ಸಭೆಗೆ ಕೇಳಿಸುವುದು ಹೇಗೆ? ಈ ಪ್ರಶ್ನೆಗೆ ಮೈಸೂರಿನ ಪಿಟೀಲು ವಿದ್ವಾಂಸರೊಬ್ಬರು ತಮ್ಮದೇ ಉತ್ತರ ಕಂಡುಕೊಂಡರು. ಅವರೇ ಟಿ. ಚೌಡಯ್ಯ.

ಸಂಗಮದೂರಿನ ಹುಡುಗ

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲಿನಲ್ಲಿ. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. 1910ರಲ್ಲಿ ಮೈಸೂರಿನ ಹೆಸರಾಂತ ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗಾಯಕರ ಬಳಿ ಕಲಿತಿದ್ದು ಮುಂದೆ ಅವರ ಕೈಹಿಡಿಯಿತು. ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಸಾಹಿತ್ಯದ ಯಾವ ಅಕ್ಷರಕ್ಕೆ ಒತ್ತು ಕೊಡುತ್ತಾರೆ ಎಂಬುದನ್ನು ಅರಿಯದೆ ಒಳ್ಳೆಯ ಪಕ್ಕವಾದ್ಯ ನುಡಿಸಲಾಗದು.

ಹಿಂದಿನ ಸಾಲಿಗೆ ಕೇಳಿಸದ ನಾದ

ಅಂದಿನ ಕಛೇರಿಗಳಿಗೆ ಜನ ಹೆಚ್ಚಾಗುತ್ತಿದ್ದರು. ಧ್ವನಿವರ್ಧಕ ಮಾತ್ರ ಇರಲಿಲ್ಲ. ಗಾಯಕರು ಕಂಠ ಏರಿಸಬಹುದು, ಮೃದಂಗದ ಪೆಟ್ಟು ದೂರಕ್ಕೂ ಕೇಳುತ್ತದೆ. ನಡುವೆ ಸಿಕ್ಕಿಬಿದ್ದದ್ದು ಪಿಟೀಲು. ಚೆಂಬೈ ವೈದ್ಯನಾಥ ಭಾಗವತರಂಥ ತುಂಬುಕಂಠದ ಗಾಯಕರ ಪಕ್ಕದಲ್ಲಿ ಕುಳಿತು ನುಡಿಸುವಾಗ ನಾದ ಹಿಂದಿನ ಸಾಲು ಮುಟ್ಟದಿದ್ದರೆ, ಪಿಟೀಲುವಾದಕನ ವಿದ್ಯೆ ವೇದಿಕೆಯ ಮೇಲೇ ಉಳಿದುಹೋಗುತ್ತಿತ್ತು.

ಚೌಡಯ್ಯನವರು ವಾದ್ಯವನ್ನೇ ಬದಲಿಸಲು ಮುಂದಾದರು. 1927ರ ಹೊತ್ತಿಗೆ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. ಮೂರು ತಂತಿಗಳಿಗೆ ಒಂದೊಂದು ಜೋಡಿ ತಂತಿ. ಕಮಾನು ಎಳೆದಾಗ ಎರಡೂ ಒಟ್ಟಿಗೆ ಮಿಡಿದು ನಾದ ದಪ್ಪವಾಗುತ್ತಿತ್ತು, ದೂರಕ್ಕೆ ಹೋಗುತ್ತಿತ್ತು.

ಹೇಳಿದಷ್ಟು ಸುಲಭವಲ್ಲ

ಬಿರಡೆಗಳು ಹೆಚ್ಚಬೇಕು, ಕುದುರೆಯ ಮೇಲೆ ತಂತಿಗಳನ್ನು ಒತ್ತೊತ್ತಾಗಿ ಕೂರಿಸಬೇಕು, ಹೆಚ್ಚಿದ ಬಿಗಿತವನ್ನು ತೆಳು ಮರ ತಡೆಯಬೇಕು. ಅದಕ್ಕಿಂತ ಕಷ್ಟ ನುಡಿಸುವುದು. ಒಂದೇ ಬೆರಳು ಎರಡು ತಂತಿಯನ್ನು ಸಮನಾಗಿ ಒತ್ತಬೇಕು. ಗಮಕಕ್ಕೆ ಬೆರಳು ಜಾರುವಾಗಲೂ ಜೋಡಿ ತಪ್ಪುವಂತಿಲ್ಲ. ಶ್ರುತಿ ಕೂದಲೆಳೆಯಷ್ಟು ಸರಿದರೂ ಇಂಪಿನ ಬದಲು ಕರ್ಕಶ ನಾದ ಹೊರಡುತ್ತದೆ. ಏಳು ತಂತಿಯ ವಾದನ ಆಕ್ಷೇಪಕ್ಕೂ ಗುರಿಯಾಯಿತು. ವರ್ಷಗಟ್ಟಲೆ ಗಳಿಸಿದ ಹೆಸರನ್ನೇ ಪಣಕ್ಕಿಟ್ಟ ಪ್ರಯೋಗವದು.

ಜಗತ್ತಿನ ಇನ್ನೊಂದು ತುದಿಯಲ್ಲೂ ಅದೇ ಹುಡುಕಾಟ

ಅದೇ 1927ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಜಾನ್ ಡೊಪ್ಯೇರಾ ರೂಪಿಸಿದ, ಒಳಗೆ ಲೋಹದ ಶಂಕುಗಳಿದ್ದ ನ್ಯಾಷನಲ್ ಗಿಟಾರ್ ಮಾರುಕಟ್ಟೆಗೆ ಬಂತು. ಉದ್ದೇಶ ಅದೇ, ಹೆಚ್ಚು ಸದ್ದು. 1931ರಲ್ಲಿ ಜಾರ್ಜ್ ಬೋಶಾಂ ಅಯಸ್ಕಾಂತ ಮತ್ತು ತಂತಿಸುರುಳಿಯ ಪಿಕಪ್ ಅಳವಡಿಸಿದ ಗಿಟಾರ್ ರೂಪಿಸಿದರು. 1937ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿ ವಿದ್ಯುತ್ತು ಮಾಡಿದ ಕೆಲಸವನ್ನು ಮೈಸೂರಿನಲ್ಲಿ ಮೂರು ಹೆಚ್ಚುವರಿ ತಂತಿ ಮತ್ತು ಸಾಧನೆ ಮಾಡಿದವು.

ಪಕ್ಕವಾದ್ಯದಿಂದ ಕಲಾನಿಧಿಯವರೆಗೆ

ಚೆಂಬೈ ಗಾಯನ, ಚೌಡಯ್ಯ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ. ಈ ಮೂವರ ಕಛೇರಿ ಎಂದರೆ ದಕ್ಷಿಣದ ರಸಿಕರಿಗೆ ಹಬ್ಬ. ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಚೌಡಯ್ಯನವರು ‘ತ್ರಿಮಕುಟ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1943ರ ಕನ್ನಡ ಚಿತ್ರ ‘ವಾಣಿ’ಗೂ ಕೈಹಾಕಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿ ಶಿಷ್ಯರನ್ನು ತಯಾರು ಮಾಡಿದರು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಸಂದಿತು.

ಸಭೆಗಳಿಗೆ ಮೈಕ್ ಬಂದ ಮೇಲೂ ಅವರು ಏಳು ತಂತಿಯನ್ನು ಬಿಡಲಿಲ್ಲ. ಸದ್ದಿಗಾಗಿ ಆರಂಭವಾದದ್ದು ಅಷ್ಟರಲ್ಲಿ ಅವರ ನಾದದ ಗುರುತೇ ಆಗಿಹೋಗಿತ್ತು. 1967ರ ಜನವರಿ 19ರಂದು ಅವರು ನಿಧನರಾದರು.

ಪಿಟೀಲಿನಾಕಾರದ ನೆನಪು

ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಕೆ.ಕೆ. ಮೂರ್ತಿಯವರ ಮುತುವರ್ಜಿಯಿಂದ ತಲೆಯೆತ್ತಿದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಉದ್ಘಾಟನೆಯಾಯಿತು. ಇಡೀ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಇಂದಿನ ಬಹುತೇಕ ಕಲಾವಿದರು ನಾಲ್ಕು ತಂತಿಯ ಪಿಟೀಲನ್ನೇ ನುಡಿಸುತ್ತಾರೆ, ದೂರಕ್ಕೆ ಕೇಳಿಸುವ ಹೊಣೆಯನ್ನು ಮೈಕ್ ಮತ್ತು ಪಿಕಪ್ ಹೊತ್ತುಕೊಂಡಿವೆ. ಹಿಂದೆ ಆ ಹೊಣೆಯನ್ನು ತಮ್ಮ ಬೆರಳುಗಳಲ್ಲೇ ಹೊತ್ತವರ ಹೆಸರು ಭವನದ ಮೇಲಿದೆ.