ಕಬ್ಬಿಣದ ನೇಗಿಲು

ಮಕ್ಕಳೇ, ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯ ಹೆಸರನ್ನು ಕೇಳಿದ್ದೀರಾ? ಆ ಊರನ್ನು ಕಟ್ಟಿದವರು ಲಕ್ಷ್ಮಣರಾವ್ ಕಿರ್ಲೋಸ್ಕರರು. ಅವರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಚಿತ್ರಕಾರರಾಗಬೇಕೆಂದು ಮುಂಬಯಿಗೆ ಹೋದರು. ಆದರೆ ಅವರ ಕಣ್ಣಿಗೆ ಕೆಲವು ಬಣ್ಣಗಳು ಸರಿಯಾಗಿ ತಿಳಿಯುತ್ತಿರಲಿಲ್ಲ. ಆದ್ದರಿಂದ ಯಂತ್ರಗಳ ಚಿತ್ರ ಬರೆಯಲು ಕಲಿತು, ಅದನ್ನೇ ಕಲಿಸುವ ಶಿಕ್ಷಕರಾದರು.

1888ರಲ್ಲಿ ಅಣ್ಣನೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ರೈತರಿಗಾಗಿ ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವೇರುವುದೆಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು! ಅಷ್ಟರಲ್ಲಿ ನೀವು ಎರಡು ತರಗತಿ ದಾಟಿಬಿಡುತ್ತೀರಿ. ಅವರು ಮಾತ್ರ ನೇಗಿಲು ಮಾಡುವುದನ್ನು ಬಿಡಲಿಲ್ಲ.

ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ಕುಂಡಲದ ಬಳಿ ನೆಲ ಕೊಟ್ಟರು. ಅದು ಕಳ್ಳಿ ಬೆಳೆದ, ನಾಗರಹಾವುಗಳಿದ್ದ ಬರಡು ಭೂಮಿ. 1910ರಲ್ಲಿ ಅಲ್ಲಿಯೇ ಕಾರ್ಖಾನೆ ಆರಂಭವಾಯಿತು. ಕೆಲಸಗಾರರಿಗಾಗಿ ಮನೆಗಳೂ ಎದ್ದವು.