ಕಡವಿನಿಂದ ಬಂದರಿಗೆ: ಉಳ್ಳಾಲ ಶ್ರೀನಿವಾಸ ಮಲ್ಯ

ರಜೆ ಸಿಕ್ಕಿದ ಕೂಡಲೇ ತಣ್ಣೀರುಬಾವಿ ಬೀಚಿಗೆ ಹೊರಡುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿದರೆ ಕೆಲವೇ ನಿಮಿಷ, ಆಚೆ ದಡ. ಆದರೆ ದಾಟಿದ ನೀರು ಯಾವುದು ಅಂತ ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತೇವೆ. ಅದು ನಮ್ಮದೇ ಫಲ್ಗುಣಿ. ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬರುವ ಗೆಳೆಯರು ವೇಣೂರಿನಲ್ಲಿ ದಿನಾ ನೋಡುವ ನದಿ. ಪಾಣೆಮಂಗಳೂರಿನ ಕಡೆಯವರು ದಾಟಿ ಬರುವ ನೇತ್ರಾವತಿಯೂ ಕೊನೆಗೆ ಸೇರುವುದು ಅದೇ ಅಳಿವೆಗೆ.

ಈಗ ನಮಗೆ ದೋಣಿ ಅಂದರೆ ಮಜಾ, ಒಂದು ಸೆಲ್ಫಿ. ನಮ್ಮ ಅಜ್ಜಂದಿರ ಕಾಲಕ್ಕೆ ಹಾಗಿರಲಿಲ್ಲ. ಮಂಗಳೂರಿಂದ ಉಡುಪಿಗೆ ಹೋಗಬೇಕಾದರೆ ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ ಹೀಗೆ ಹೊಳೆಯ ಮೇಲೆ ಹೊಳೆ. ಬಸ್ಸು ದಡಕ್ಕೆ ಬಂದು ನಿಲ್ಲುತ್ತಿತ್ತು, ಜನ ಕಡವಿನಲ್ಲಿ ದೋಣಿ ಹತ್ತಿ ದಾಟಿ, ಆಚೆ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಗಾಡಿಯನ್ನೇ ದಾಟಿಸುವುದಾದರೆ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಕಾಯುವುದೊಂದೇ ಕೆಲಸ.

ಇಂಥ ಜಿಲ್ಲೆಯಲ್ಲಿ 1902ರಲ್ಲಿ ಹುಟ್ಟಿದವರು ಉಳ್ಳಾಲ ಶ್ರೀನಿವಾಸ ಮಲ್ಯರು. ಹೆಸರಿನಲ್ಲೇ ಹೊಳೆಯ ಆಚೆ ದಡ ಇದೆ ನೋಡಿ. ಮಂಗಳೂರಿಗೂ ಉಳ್ಳಾಲಕ್ಕೂ ನಡುವೆ ನೇತ್ರಾವತಿ. ಯೌವನದಲ್ಲೇ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು, ಕಾಂಗ್ರೆಸ್ ಸಂಘಟನೆಯಲ್ಲಿ ಬೆಳೆದರು, ಆಗಿನ ಮದ್ರಾಸ್ ಪ್ರಾಂತ್ಯದಿಂದ ಸಂವಿಧಾನ ಸಭೆಗೆ ಸದಸ್ಯರಾದರು. 1952, 1957, 1962, ಮೂರು ಸಲವೂ ಈ ಕರಾವಳಿಯ ಜನ ಅವರನ್ನು ಲೋಕಸಭೆಗೆ ಕಳಿಸಿದರು. ನೆಹರೂ ಅವರಿಗೆ ಹತ್ತಿರದವರಾಗಿದ್ದರೂ ಮಂತ್ರಿ ಆಗಲಿಲ್ಲ. ಇಂಜಿನಿಯರ್ ಅಂತೂ ಅಲ್ಲವೇ ಅಲ್ಲ. ಹಾಗಿದ್ದೂ ಅವರ ಕೆಲಸವನ್ನು ಒಂದು ಸಿವಿಲ್ ಇಂಜಿನಿಯರಿಂಗ್ ಪಾಠದ ಹಾಗೆ ಓದಬಹುದು ಅನ್ನುವುದು ನಮ್ಮ ಅಭಿಪ್ರಾಯ.

ಪಾಠ ಶುರುವಾಗುವುದು ಹಳೇ ಬಂದರಿನಿಂದ. ಒಂದು ಕಾಲಕ್ಕೆ ಮೈಸೂರು ಸೀಮೆಯ ಕಾಫಿ ಘಟ್ಟ ಇಳಿದು ಬಂಟ್ವಾಳಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ನೇತ್ರಾವತಿಯ ಮೇಲೆ ಮಂಗಳೂರು ಸೇರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ಮೇಲೆ ಹೆಂಚೂ ಬಂದರಿಗೆ ಬಂತು. ಆದರೆ ಎರಡು ನದಿಗಳು ಘಟ್ಟದಿಂದ ಹೊತ್ತು ತಂದ ಮಣ್ಣು, ಮರಳು ಅಳಿವೆ ಬಾಯಲ್ಲೇ ದಿಬ್ಬ ಕಟ್ಟುತ್ತದಲ್ಲ? ದೊಡ್ಡ ಹಡಗು ಒಳಗೆ ಬರುವ ಹಾಗಿಲ್ಲ. ಅದು ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕು, ಸಾಮಾನನ್ನು ಸಣ್ಣ ದೋಣಿಯಲ್ಲಿ ಸಾಗಿಸಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಅಂದರೆ ಬಂದರಿಗೇ ಒಂದು ಕಡವು!

ಹೂಳು ತೆಗೆದಷ್ಟೂ ನದಿ ಮತ್ತೆ ತಂದು ಹಾಕುತ್ತದೆ. ಆದ್ದರಿಂದ ನದಿ ಬಾಯಿಯನ್ನೇ ಬಿಟ್ಟು, ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನು ಒಳಕ್ಕೆ ಅಗೆದು ಬಂದರು ಮಾಡುವ ಯೋಜನೆ ಬಂತು. ಸಮುದ್ರದ ಕಡೆ ಎರಡು ಅಲೆತಡೆಗೋಡೆ, ನಡುವೆ ಹಡಗಿಗೆ ಆಳದ ದಾರಿ, ಒಳಗೆ ಶಾಂತ ನೀರು. ಎಲ್ಲ ಋತುವಿಗೂ ಸಲ್ಲುವ ಬಂದರು ನಮಗೆ ಬೇಕೇ ಬೇಕು ಎಂದು ದಿಲ್ಲಿಯಲ್ಲಿ ಬೆನ್ನು ಬಿಡದೆ ಹಿಂದೆ ಬಿದ್ದವರು ಮಲ್ಯರು. 1962ರಲ್ಲಿ ಕೆಲಸ ಶುರುವಾಯಿತು.

ನಾವು ಗಮನಿಸಬೇಕಾದ್ದು ಇಲ್ಲಿದೆ. ಕಡವು ಅಂದರೆ ಬರೀ ದೋಣಿ ಅಲ್ಲ. ಈಚೆ ದಡಕ್ಕೆ ದಾರಿ ಬೇಕು, ಆಚೆ ದಡದಿಂದಲೂ ದಾರಿ ಬೇಕು, ಎರಡೂ ಕಡೆ ದಾಟುವವರು ಬೇಕು, ನಡೆಸುವವನಿಗೆ ವಿದ್ಯೆ ಬೇಕು. ದಡದ ಕೆಲಸ ಆಗದಿದ್ದರೆ ದೋಣಿ ಇದ್ದೂ ಇಲ್ಲದ ಹಾಗೆ. ಮಲ್ಯರು ಇಡೀ ಜಿಲ್ಲೆಯನ್ನು ಹಾಗೆ ನೋಡಿದರು ಅನ್ನಿಸುತ್ತದೆ. ಬಂದರಿನ ಜೊತೆಗೇ ಸೇತುವೆಗಳಿರುವ ಕರಾವಳಿ ಹೆದ್ದಾರಿ ಬೇಕು ಅಂದರು. ಘಟ್ಟ ದಾಟುವ ಹಾಸನ–ಮಂಗಳೂರು ರೈಲಿಗಾಗಿ ದುಡಿದರು. ಬಜ್ಪೆಯ ವಿಮಾನ ನಿಲ್ದಾಣ 1951ರಲ್ಲೇ ಬಂದಿತ್ತು, ಅದರ ಹಿಂದೆಯೂ ಅವರೇ. 1960ರಲ್ಲಿ ಸುರತ್ಕಲ್‌ನಲ್ಲಿ ಶುರುವಾದ ಕೆ.ಆರ್.ಇ.ಸಿ., ಅಂದರೆ ಇಂದಿನ ಎನ್.ಐ.ಟಿ.ಕೆ., ಅವರ ಪ್ರಯತ್ನದ ಫಲ. ಗೇಟ್ ಅರ್ಜಿ, ಫೆಸ್ಟ್, ಇಂಟರ್ನ್‌ಶಿಪ್ ಅಂತ ನಾವು ಬರೆಯುವ ಅದರ ವಿಳಾಸದಲ್ಲಿ ಶ್ರೀನಿವಾಸನಗರ ಅಂತ ಇದೆಯಲ್ಲ, ಆ ಶ್ರೀನಿವಾಸ ಇವರೇ ಮಾರಾಯ್ರೆ!

ಎಲ್ಲವೂ ಸುಖವಾಗಿ ನಡೆಯಿತು ಅಂತ ಬರೆದರೆ ತಪ್ಪಾಗುತ್ತದೆ. ಬಂದರಿಗೆ ನೆಲ ಬೇಕಿತ್ತು, ಆ ನೆಲದಲ್ಲಿ ಜನ ಇದ್ದರು. ಪಣಂಬೂರು ಕಡೆಯ ಕುಟುಂಬಗಳು ಗದ್ದೆ, ತೋಟ, ದೈವದ ಜಾಗ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದಂಥ ಕಡೆ ಹೊಸದಾಗಿ ಬದುಕು ಕಟ್ಟಬೇಕಾಯಿತು. ನಾಳೆ ನಾವೂ ಪ್ಲಾನ್ ಹಾಳೆಯ ಮೇಲೆ ಗೆರೆ ಎಳೆಯುವವರು. ಆ ಗೆರೆ ಯಾರ ಅಂಗಳದಲ್ಲಿ ಹಾದುಹೋಗುತ್ತದೆ ಎಂದು ನೋಡುವುದೂ ಪಾಠದ ಭಾಗವೇ.

1965ರ ಡಿಸೆಂಬರ್ 19ರಂದು ಮಲ್ಯರು ತೀರಿಕೊಂಡರು. ಆಗ ಬಂದರು ಇನ್ನೂ ಅರ್ಧ ದಾರಿಯಲ್ಲಿತ್ತು. 1974ರಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಹಾಸನದ ರೈಲುಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಹಡಗನ್ನೂ ನೋಡಲಿಲ್ಲ, ರೈಲನ್ನೂ ನೋಡಲಿಲ್ಲ. ಅವರು ನೋಡಿದ್ದು ಕಾಲೇಜಿನ ಮೊದಲ ಬ್ಯಾಚುಗಳನ್ನು ಮಾತ್ರ.

ನಾಲ್ಕು ತಿಂಗಳ ಮಿನಿ ಪ್ರಾಜೆಕ್ಟ್ ಮುಗಿಯುವ ಮೊದಲೇ ನಾವು ಸೋತು ಕೂರುತ್ತೇವೆ. ತನ್ನ ಆಯುಷ್ಯದ ಒಳಗೆ ಮುಗಿಯದ ಕೆಲಸವನ್ನು ಒಬ್ಬರು ಇಷ್ಟು ಹಟ ಹಿಡಿದು ಶುರು ಮಾಡಿದ್ದರು. ಮುಂದಿನ ಸಲ ಕೂಳೂರು ಸೇತುವೆ ಮೇಲೆ ಬಸ್ಸು ಹೋಗುವಾಗ ಮೊಬೈಲಿನಿಂದ ಒಮ್ಮೆ ತಲೆ ಎತ್ತಿ ಕೆಳಗೆ ನೋಡೋಣ. ನಮ್ಮ ವೇಣೂರಿನ ನೀರು ಅಲ್ಲಿ ಹರಿಯುತ್ತಿರುತ್ತದೆ, ನಾವು ದೋಣಿಗೆ ಕಾಯದೆ ದಾಟಿರುತ್ತೇವೆ.