ಬೆಟ್ಟದ ಕಷ್ಟಕ್ಕೆ ಅಳತೆ ಕೊಟ್ಟವನ ಕತೆ

ಹರಿಹರದ ಹುಡುಗರು 'ಹರಿಹರ ಕೋಟೆ' ಅಂತ ಗೂಗಲ್ ಮಾಡಿದರೆ ತುಂಗಭದ್ರೆ ದಡದ ನಮ್ಮೂರು ಬರಲ್ಲ. ಬರೋದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಹರಿಹರಗಡ. ಬಂಡೆಯಲ್ಲೇ ಕಡಿದು ಏಣಿಯ ಹಾಗೆ ನಿಲ್ಲಿಸಿದ ಮೆಟ್ಟಿಲು, ಅದರಲ್ಲಿ ಕೈ ಹಿಡಿಯಲು ಕೊರೆದ ಕುಳಿಗಳು. ಈ ಫೋಟೋ ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಿಗೂ ಬಂದಿದೆ. ಒಂದು ಟ್ರೆಕ್ಕಿಂಗ್ ಪೋಸ್ಟರ್‌ನಲ್ಲಿ ಇದು 'ಈಸಿ', ಇನ್ನೊಂದರಲ್ಲಿ 'ಮಾಡರೇಟ್', ಮತ್ತೊಂದರಲ್ಲಿ 'ಡಿಫಿಕಲ್ಟ್'. ಮೆಟ್ಟಿಲು ಮಾತ್ರ ಅವೇ. ಹಾಗಾದರೆ ಕಷ್ಟ ಅನ್ನೋದನ್ನು ಅಳೆಯೋದು ಹೇಗೆ? ಅಳೆಯೋರು ಯಾರು?

ಸುಮಾರು ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಉತ್ತರ ಹುಡುಕಿದವನು ವಿಲೋ ವೆಲ್ಟ್ಸೆನ್‌ಬಾಖ್. 1900ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹುಟ್ಟಿದ ಈತ ಸಿವಿಲ್ ಎಂಜಿನಿಯರ್. ವಾರವೆಲ್ಲ ನಗರಾಡಳಿತದ ಕಟ್ಟಡ ವಿಭಾಗದ ಕೆಲಸ, ರಜೆ ಸಿಕ್ಕರೆ ಆಲ್ಪ್ಸ್. ಹಿಮ ಹೇಗೆ ಪದರಪದರವಾಗಿ ಕೂರುತ್ತದೆ, ಹೇಗೆ ಜಾರುತ್ತದೆ ಅನ್ನೋದರ ಮೇಲೆಯೇ ಡಾಕ್ಟರೇಟ್ ಮಾಡಿದ. 1924ರಲ್ಲಿ ಫ್ರಿಟ್ಸ್ ರೀಗೆಲೆ ಜೊತೆ ಆಸ್ಟ್ರಿಯಾದ ಗ್ರೋಸೆಸ್ ವೀಸ್‌ಬಾಖ್‌ಹಾರ್ನ್ ಪರ್ವತದ ವಾಯವ್ಯ ಮುಖವನ್ನು ಹತ್ತಿದಾಗ, ಮಂಜುಗಡ್ಡೆಗೆ ಹೊಡೆಯುವ ವಿಶೇಷ ಮೊಳೆಗಳನ್ನು ಬಳಸಿದ. ಎರಡು ವರ್ಷಗಳ ನಂತರ ಕ್ಷಯದ ಸೋಂಕು ತಗುಲಿ ಬಲಗೈ ಮೊಣಕೈ ಮಡಚಲಾಗದಂತಾಯಿತು. ಆದರೂ ಹತ್ತೋದು ನಿಲ್ಲಿಸಲಿಲ್ಲ. ಆಲ್ಪ್ಸ್‌ನ ಅತಿ ಕಠಿಣ ಉತ್ತರ ಮುಖಗಳಲ್ಲಿ ಕೆಲವನ್ನು ಏರಿದ್ದು ಅದಾದ ಮೇಲೆಯೇ.

ಆಗ ಒಂದು ದಾರಿಯ ಬಗ್ಗೆ ತಿಳಿಯಬೇಕೆಂದರೆ ಹತ್ತಿ ಬಂದವರು ಬಳಸಿದ ವಿಶೇಷಣಗಳನ್ನೇ ನಂಬಬೇಕಿತ್ತು. 'ಕಷ್ಟ', 'ಬಹಳ ಕಷ್ಟ' ಅಂದರೆ ಎಷ್ಟು? ಒಂದು ಕಣಿವೆಯವರ 'ಬಹಳ ಕಷ್ಟ' ಇನ್ನೊಂದು ಕಣಿವೆಯವರಿಗೆ ಮಾಮೂಲು. ಅದಕ್ಕೂ ಮೊದಲು ಹಾನ್ಸ್ ಡ್ಯೂಲ್ಫರ್ ಎಂಬ ಜರ್ಮನ್ ಆರೋಹಿ ಇದಕ್ಕೊಂದು ಕ್ರಮ ತರಲು ಹೊರಟಿದ್ದ. ಆತ 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ. 1920ರ ದಶಕದ ಮಧ್ಯದಲ್ಲಿ ವೆಲ್ಟ್ಸೆನ್‌ಬಾಖ್ ಆ ಕೆಲಸ ಮುಂದುವರಿಸಿ 1ರಿಂದ 6ರವರೆಗಿನ ದರ್ಜೆಗಳನ್ನು ಮುಂದಿಟ್ಟ. 1 ಅಂದರೆ ಸುಲಭ, 6 ಅಂದರೆ ಮನುಷ್ಯನಿಂದ ಆಗುವುದರ ಕೊನೆಯ ಅಂಚು.

ಇದು ಬರೀ ಅಂಕಿ ಆಟ ಅಲ್ಲ. ದುಡ್ಡಿದ್ದವರು ಊರಿನ ಗೈಡ್ ಇಟ್ಟುಕೊಂಡು ಹೋಗುತ್ತಿದ್ದರು, ದಾರಿಯ ಗುಟ್ಟು ಗೈಡ್‌ಗೆ ಗೊತ್ತಿರುತ್ತಿತ್ತು. ಗೈಡ್‌ಗೆ ಕೊಡಲು ಕಾಸಿಲ್ಲದ ವಿದ್ಯಾರ್ಥಿಗೆ ಆ ಅಂಕಿಯೇ ಮಾಹಿತಿ. ನಾನು 3 ಹತ್ತಿದ್ದೇನೆ, 4 ನೋಡಬಹುದು, 5 ಬೇಡ ಅಂತ ಆತನೇ ತೀರ್ಮಾನ ಮಾಡಬಹುದು. ದರ್ಜೆ ತಪ್ಪು ಅನ್ನಿಸಿದರೆ ತಕರಾರು ಎತ್ತಬಹುದು. ಒಂದು ಥರದಲ್ಲಿ ಇದು ಬೆಟ್ಟದ ಮಾಹಿತಿ ಹಕ್ಕು.

ಮುಂದೆ ಬೇರೆ ಬೇರೆ ಬಗೆಯ ದಾರಿಗಳಿಗೂ ತಮ್ಮದೇ ದರ್ಜೆಗಳು ಬಂದವು. 'ವಿಯಾ ಫೆರಾಟಾ' ಅಂದರೆ ಇಟಾಲಿಯನ್‌ನಲ್ಲಿ ಕಬ್ಬಿಣದ ದಾರಿ. ಬಂಡೆಗೆ ಉಕ್ಕಿನ ಹಗ್ಗ, ಮೆಟ್ಟಿಲು, ಏಣಿ ಜಡಿದಿರುತ್ತಾರೆ, ನಾವು ಸೊಂಟದ ಪಟ್ಟಿಯನ್ನು ಹಗ್ಗಕ್ಕೆ ಕೊಂಡಿ ಹಾಕಿಕೊಂಡು ಹತ್ತೋದು. ಮೊದಲ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾ ಸೈನಿಕರು ಡೊಲೊಮೈಟ್ಸ್ ಬೆಟ್ಟಗಳಲ್ಲಿ ಓಡಾಡಲು ಇಂಥ ಎಷ್ಟೋ ದಾರಿ ಮಾಡಿಕೊಂಡಿದ್ದರು. ಆಸ್ಟ್ರಿಯಾ ಕಡೆ ಇವಕ್ಕೆ ಎ, ಬಿ, ಸಿ, ಡಿ, ಇ ಅನ್ನೋ ದರ್ಜೆ. ಎ ಅಂದರೆ ಹಗ್ಗ ಹಿಡಿದು ನಡೆಯುವಷ್ಟು ಸಲೀಸು. ಸಿ ದಾಟಿದರೆ ತೋಳಿನ ಬಲ ಬೇಕು. ಡಿ ನೆಟ್ಟಗಿನ ಗೋಡೆ. ಇ ದರ್ಜೆಯಲ್ಲಿ ಬಂಡೆಯೇ ತಲೆ ಮೇಲೆ ಬಾಗಿರುತ್ತದೆ. ಇನ್ನೊಂದು ಪದ್ಧತಿಯಲ್ಲಿ ಕೆ1ರಿಂದ ಕೆ6. ಆಸ್ಟ್ರಿಯಾದ ಅಕ್ಷರ ಮುಖ್ಯವಾಗಿ ಹೇಳೋದು ದಾರಿಯ ಅತಿ ಕಠಿಣ ತುಂಡಿನ ಬಗ್ಗೆ. ದಾರಿ ಎಷ್ಟು ಉದ್ದ, ನಡುವೆ ವಾಪಸ್ ಇಳಿಯಬಹುದಾ, ಸಿಡಿಲಿನ ಹೊತ್ತಲ್ಲಿ ಆ ಉಕ್ಕಿನ ಹಗ್ಗ ಹಿಡಿದರೆ ಏನಾಗುತ್ತೆ, ಇವನ್ನೆಲ್ಲ ಬೇರೆಯಾಗಿ ಕೇಳಿಕೊಳ್ಳಬೇಕು.

ದರ್ಜೆ ಹೇಳದ ಸಂಗತಿಗಳೇ ವೆಲ್ಟ್ಸೆನ್‌ಬಾಖ್‌ನನ್ನು ಕೊಂದವು.

8,126 ಮೀಟರ್ ಎತ್ತರದ ನಂಗಾ ಪರ್ಬತ್, ಆಗಿನ ಕಾಶ್ಮೀರ ಸಂಸ್ಥಾನದ ಭಾಗ. ಅದನ್ನು ಹತ್ತುವ ಯೋಜನೆಯನ್ನು ಮೊದಲು ಹಾಕಿದವನು ವೆಲ್ಟ್ಸೆನ್‌ಬಾಖ್. ಆದರೆ ಮುಂದಾಳತ್ವ ಹೋಗಿದ್ದು ರೈಲ್ವೆ ಎಂಜಿನಿಯರ್ ವಿಲ್ಲಿ ಮೆರ್ಕ್ಲ್‌ಗೆ. 1934ರ ಹೊತ್ತಿಗೆ ಹಿಟ್ಲರ್ ಅಧಿಕಾರಕ್ಕೆ ಬಂದು ಒಂದು ವರ್ಷ ದಾಟಿತ್ತು. ಪರ್ವತಾರೋಹಿಗಳ ದೊಡ್ಡ ಸಂಘ ಯಹೂದಿ ಸದಸ್ಯರಿದ್ದ ಶಾಖೆಯನ್ನು 1924ರಲ್ಲೇ ಹೊರಹಾಕಿತ್ತು. ಈಗ ಶಿಖರ ಅನ್ನೋದು ದೇಶದ ಮಾನದ ಪ್ರಶ್ನೆಯಾಗಿತ್ತು. ಬೆನ್ನಿಗೆ ಸರ್ಕಾರ ನಿಂತಿತ್ತು, ಬರಿಗೈಲಿ ವಾಪಸ್ ಬರೋದು ಸುಲಭ ಇರಲಿಲ್ಲ.

ಜೂನ್‌ನಲ್ಲಿ ಆಲ್ಫ್ರೆಡ್ ಡ್ರೆಕ್ಸೆಲ್ ಎತ್ತರದ ಕಾಯಿಲೆಯಿಂದ ಸತ್ತ. ತಂಡ ಮುಂದೆ ಹೋಯಿತು. ಜುಲೈ 6ರಂದು ಐವರು ಆರೋಹಿಗಳು, 11 ಮಂದಿ ಹೊರೆಯಾಳುಗಳು ಸುಮಾರು 7,500 ಮೀಟರ್‌ನ ಕ್ಯಾಂಪ್ ತಲುಪಿದ್ದರು. ಅವತ್ತು ರಾತ್ರಿ ಬಿರುಗಾಳಿ ಶುರುವಾಯಿತು. 8ರಂದು ಇಳಿಯಲು ಹೊರಟಾಗ ಆಸ್ಟ್ರಿಯಾದ ಇಬ್ಬರು ಮುಂದೆ ಹೋಗಿ ಬದುಕಿಕೊಂಡರು. ಉಳಿದವರು ಹಿಮದಲ್ಲಿ ಸಿಕ್ಕಿಬಿದ್ದರು. ಉಲಿ ವೀಲಾಂಡ್ ಮೊದಲು ಸತ್ತ. ಕೆಳಗಿನಿಂದ ನೆರವು ಬರಲಿ ಅಂತ ಚೀಟಿ ಬರೆದಿಟ್ಟ ವೆಲ್ಟ್ಸೆನ್‌ಬಾಖ್ 12ರ ರಾತ್ರಿ ಟೆಂಟ್‌ನಲ್ಲೇ ಪ್ರಾಣ ಬಿಟ್ಟ. ವಯಸ್ಸು 33. ಆಮೇಲೆ ಮೆರ್ಕ್ಲ್.

ಕತೆ ಇಲ್ಲಿಗೇ ನಿಂತರೆ ಅದು ಅರ್ಧ ಕತೆ. ಅದೇ ಬಿರುಗಾಳಿಯಲ್ಲಿ ಆರು ಮಂದಿ ಶೆರ್ಪಾಗಳೂ ಸತ್ತರು: ಗೇಲೇ, ದಕ್ಷಿ, ನಿಮಾ ದೋರ್ಜೆ, ನಿಮಾ ತಾಶಿ, ನಿಮಾ ನೋರ್ಬು, ಪಿಂಜೊ ನೋರ್ಬು. ಹೊರೆ ಹೊತ್ತಿದ್ದು ಅವರು. ಯಾವಾಗ ಹಿಂದಿರುಗಬೇಕು ಅನ್ನೋ ತೀರ್ಮಾನ ಮಾತ್ರ ಅವರ ಕೈಲಿರಲಿಲ್ಲ. ಮೆರ್ಕ್ಲ್ ನಡೆಯಲಾರದಾದಾಗ ಗೇಲೇ ಜೊತೆಗೇ ಉಳಿದ. ಆಂಗ್ ತ್ಸೆರಿಂಗ್ ಕೈಕಾಲು ಹಿಮಕ್ಕೆ ಸುಟ್ಟ ಸ್ಥಿತಿಯಲ್ಲಿ ಇಳಿದು ಬಂದು ಸುದ್ದಿ ಮುಟ್ಟಿಸಿದ. ಮೂರು ವರ್ಷಗಳ ನಂತರ ಅದೇ ಬೆಟ್ಟಕ್ಕೆ ಇನ್ನೊಂದು ಜರ್ಮನ್ ತಂಡ ಹೋಯಿತು. ಹಿಮಪಾತದಲ್ಲಿ 16 ಜನ ಸತ್ತರು, ಅವರಲ್ಲಿ 9 ಮಂದಿ ಶೆರ್ಪಾಗಳು.

ವೆಲ್ಟ್ಸೆನ್‌ಬಾಖ್ ಹಾಕಿದ ಮಿತಿಯೂ ಉಳಿಯಲಿಲ್ಲ. 6ಕ್ಕಿಂತ ಮೇಲೆ ಇಲ್ಲ ಅಂದುಕೊಂಡಿದ್ದ ಜಾಗದಲ್ಲಿ ಹೊಸ ಪೀಳಿಗೆ ಹತ್ತುತ್ತಲೇ ಹೋಯಿತು. 1970ರ ದಶಕದ ಕೊನೆಯಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ 7ನೇ ದರ್ಜೆಯನ್ನು ಒಪ್ಪಿ, ಮೇಲಿನ ಬಾಗಿಲು ತೆರೆದಿಟ್ಟಿತು. ಈಗ ಅದು 11 ದಾಟಿದೆ. ನಮ್ಮ ಬಾದಾಮಿಯ ಕೆಂಪು ಬಂಡೆಗಳಲ್ಲಿ ಹತ್ತುವವರು ಬಳಸೋದು ಫ್ರೆಂಚ್ ದರ್ಜೆ. ಅಂಕಿ ಬೇರೆ, ಉದ್ದೇಶ ಅದೇ.

ಹಾಗಾಗಿ ಮುಂದಿನ ಸಲ ಪಿ.ಬಿ. ರಸ್ತೆಯಲ್ಲಿ ಬೆಣ್ಣೆದೋಸೆ ತಿನ್ನುತ್ತಾ ಗೆಳೆಯರು ಟ್ರೆಕ್ಕಿಂಗ್ ಪೋಸ್ಟರ್ ತೋರಿಸಿದರೆ, ದುಡ್ಡು ಕಳಿಸುವ ಮೊದಲು ಆಯೋಜಕರಿಗೆ ಫೋನ್ ಮಾಡಿ. ಈ 'ಈಸಿ' ಯಾವ ಅಳತೆಯದ್ದು ಅಂತ ಕೇಳಿ. ಅತಿ ಕಷ್ಟದ ತುಂಡು ಯಾವುದು, ಮಳೆ ಬಂದರೆ ವಾಪಸ್ ಬರುವ ತೀರ್ಮಾನ ಯಾರದ್ದು, ನಮ್ಮ ಸಾಮಾನು ಹೊರುವವರಿಗೆ ಆ ತೀರ್ಮಾನದಲ್ಲಿ ಮಾತಾಡೋ ಅವಕಾಶ ಇದೆಯಾ, ಅವರಿಗೆ ವಿಮೆ ಇದೆಯಾ ಅಂತಲೂ ಕೇಳಿ. ಉತ್ತರ ಬರದಿದ್ದರೆ ಆ ಭಾನುವಾರ ಚಿತ್ರದುರ್ಗದ ಕೋಟೆಗೆ ಹೋಗಿ ಬನ್ನಿ. ಹರಿಹರಗಡದ ಮೆಟ್ಟಿಲು ಎಲ್ಲಿಗೂ ಹೋಗಲ್ಲ.